ಹದಿನಾರು ರೆಸಿಸ್ಟರ್, ಓಮ್ ಮಾತ್ರ ಒಂದರದ್ದೇ

ಗಣೇಶನ ಹಬ್ಬ ಹತ್ತಿರ ಬಂದರೆ ಮೈಕ್‌ಸೆಟ್‌ನವರ ಆಂಪ್ಲಿಫೈಯರ್‌ಗಳು ನನ್ನ ಟೇಬಲ್ ಮುಂದೆ ಸಾಲುಗಟ್ಟುತ್ತವೆ. ರಿಪೇರಿ ಆದಮೇಲೆ ಫುಲ್ ಲೋಡ್ ಕೊಟ್ಟು ನೋಡಬೇಕಲ್ವಾ? ಮೊದಲೆಲ್ಲ ಸ್ಪೀಕರನ್ನೇ ಹಾಕುತ್ತಿದ್ದೆ. ಒಂದು ಸಲ ಔಟ್‌ಪುಟ್‌ನಲ್ಲಿ ಡಿಸಿ (ಒಂದೇ ದಿಕ್ಕಿನ ಕರೆಂಟ್) ಬಂದು ಸ್ಪೀಕರಿನ ಕಾಯಿಲ್ ಸುಟ್ಟಿತು. ಹೆಚ್ಚುಕಡಿಮೆ 1,800 ರೂಪಾಯಿ ನೀರಿಗೆ ಹೋಯಿತು.

ಸ್ಪೀಕರ್ ಬದಲು ಹಾಕೋಕೆ ಡಮ್ಮಿ ಲೋಡ್ ಮಾಡೋಣ ಅಂತ 82 ಓಮ್, 5 ವ್ಯಾಟ್‌ನ ರೆಸಿಸ್ಟರ್ ಹತ್ತು ತಂದು ಪ್ಯಾರಲಲ್ (ಅಕ್ಕಪಕ್ಕ) ಕಟ್ಟಿದೆ. ಓಮ್ ಅಂದರೆ ಕರೆಂಟಿಗೆ ಎಷ್ಟು ಅಡ್ಡಿ ಅನ್ನೋದು, ವ್ಯಾಟ್ ಅಂದರೆ ಸುಡದೆ ಎಷ್ಟು ಪವರ್ ತಾಳುತ್ತೆ ಅನ್ನೋದು. 8.2 ಓಮ್ ಬಂತು, ಸ್ಪೀಕರಿನ 8 ಓಮ್‌ಗೆ ಹತ್ತಿರ, ಖುಷಿಯಾಯಿತು. ಆದರೆ ಒಟ್ಟು 50 ವ್ಯಾಟ್ ತಾನೆ? ನೂರು ವ್ಯಾಟ್ ಕೊಟ್ಟೆ, ಅಂಗಡಿ ತುಂಬ ಕಮಟು ವಾಸನೆ.

ಮತ್ತೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡಿಗೆ ಹೋದೆ. 82 ಓಮ್‌ನಲ್ಲಿ 10 ವ್ಯಾಟ್ ಇರಲಿಲ್ಲ. 8.2 ಓಮ್, 10 ವ್ಯಾಟ್‌ನವು ಡಬ್ಬಿ ತುಂಬ ಇದ್ದವು. ಹದಿನಾರು ಕೇಳಿದೆ. ನಾಲ್ಕು ಸೀರೀಸ್ (ಒಂದರ ಹಿಂದೊಂದು), ಅಂಥ ನಾಲ್ಕು ಸಾಲು ಪ್ಯಾರಲಲ್ ಅಂದೆ. ಕೌಂಟರ್ ಹುಡುಗ ನಕ್ಕ. “ಅಣ್ಣಾ, ಹದಿನಾರು ಹಾಕಿ ಮತ್ತೆ ಅದೇ 8.2 ಬರೋದಾದ್ರೆ ಒಂದೇ ಸಾಕಲ್ವಾ?” ಒಂದೇ ಹಾಕಿದರೆ ಕರಕಲಾಗುತ್ತೆ ಮಾರಾಯ, ಹದಿನಾರು ಸೇರಿದರೆ 160 ವ್ಯಾಟ್ ತಡೆಯುತ್ತೆ ಅಂದೆ. ನಂಬಲಿಲ್ಲ. ಎಲ್ಲ ಸೇರಿ ಇನ್ನೂರು ರೂಪಾಯಿ ಒಳಗೇ ಆಯಿತು.

ಹತ್ತು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಮೀಟರ್ ಹಿಡಿದರೆ 11.3 ಓಮ್! ಮೀಟರಿನ ಪ್ರೋಬ್ ವೈರ್‌ನದ್ದೇ 0.4 ಕಳೆದರೆ 10.9. ಅಂದರೆ 8.2ನ್ನು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದಷ್ಟು. ಒಂದು ಸಾಲು ಪೂರ್ತಿ ಓಪನ್, ಅಂದರೆ ಕಡಿದುಹೋಗಿದೆ ಅಂತ ಬಿಚ್ಚದೆಯೇ ಗೊತ್ತಾಯಿತು. ಬಿಸಿಗೆ ಸೋಲ್ಡರ್ ಕರಗಿ ಒಂದು ಕಾಲು ಜಾರಿತ್ತು.

ಆಗ ಹೊಳೆದದ್ದು ಇದು. ನಾಲ್ಕು ಸಾಲುಗಳ ನಡುವಿನ ಜಾಯಿಂಟ್‌ಗಳನ್ನು ಅಡ್ಡಕ್ಕೆ ವೈರ್ ಹಾಕಿ ಸೇರಿಸಿಬಿಟ್ಟೆ. ಅಲ್ಲಿ ವೋಲ್ಟೇಜ್ ಎಲ್ಲ ಒಂದೇ, ಅಡ್ಡ ವೈರ್‌ನಲ್ಲಿ ಕರೆಂಟೇ ಹರಿಯಲ್ಲ, ಒಟ್ಟು 8.2 ಹಾಗೇ ಉಳಿಯಿತು. ಬೇಕೂಂತಲೇ ಒಂದನ್ನು ಕತ್ತರಿಸಿ ನೋಡಿದೆ. ಈ ಸಲ 10.9 ಅಲ್ಲ, 8.9 ಅಷ್ಟೇ! ಅದರ ಜೊತೆ ಪ್ಯಾರಲಲ್ ಇದ್ದ ಮೂರಕ್ಕೂ ತಲಾ ಒಂಬತ್ತೂವರೆ ವ್ಯಾಟ್ ಹತ್ತಿರ ಹೊರೆ ಬಿತ್ತು, ಆದರೂ ಕೆಲಸ ನಿಲ್ಲಲಿಲ್ಲ.

ಅದೇ ಹುರುಪಿನಲ್ಲಿ ಒಂದು ರಾತ್ರಿ ಹನ್ನೆರಡು 1ಕೆ (ಸಾವಿರ ಓಮ್) ರೆಸಿಸ್ಟರ್‌ನಲ್ಲಿ ಸುಮ್ನೆ ಒಂದು ಕ್ಯೂಬ್ ಕಟ್ಟಿದೆ. ಮೂಲೆಯಿಂದ ಎದುರು ಮೂಲೆಗೆ ಲೆಕ್ಕದಲ್ಲಿ 833, ಮೀಟರ್‌ನಲ್ಲಿ 829 ಅಂತ ನೆನಪು. ಉಪಯೋಗ ಏನೂ ಇಲ್ಲ. ಗಲ್ಲಾ ಪಕ್ಕ ನೇತುಹಾಕಿದ್ದೇನೆ.

ಲೋಡಿನ ಜಾಯಿಂಟ್‌ಗಳಿಗೆ ಈಗ ಸೋಲ್ಡರ್ ಹಾಕೋದೇ ಇಲ್ಲ. ಹೇಗೆ ಹಿಡಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಆ ಕೌಂಟರ್ ಹುಡುಗನೂ ಮೂರು ಸಲ ಕೇಳಿದ್ದಾನೆ.