ಹಬ್ಬಕ್ಕೆ ಊರಿಗೆ ಹೊರಡುವ ಮುಂಚೆ ರಕ್ತ ಕೊಟ್ಟು ಹೋಗಿ

ದಸರಾ, ದೀಪಾವಳಿ ಬಂದರೆ ಕಾಲೇಜು, ಆಫೀಸು ಎರಡಕ್ಕೂ ರಜೆ. ರಕ್ತದಾನ ಶಿಬಿರಗಳು ಜಾಸ್ತಿ ನಡೆಯುವುದು ಅಲ್ಲೇ ಅಲ್ವಾ? ಹಾಗಾಗಿ ಆ ವಾರ ಕೊಡುವವರು ಕಡಿಮೆ. ಹೆರಿಗೆ, ಅಪಘಾತ ಹಬ್ಬ ನೋಡಿಕೊಂಡು ಬರುವುದಿಲ್ಲ. ಥಲಸ್ಸೇಮಿಯಾ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ತೀವ್ರವಾಗಿರುವ ಮಕ್ಕಳಿಗಂತೂ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು.

ಅದಕ್ಕೇ ಬಸ್ ಹತ್ತುವ ಎರಡು ಮೂರು ದಿನ ಮೊದಲು ಹತ್ತಿರದ ರಕ್ತನಿಧಿಗೆ ಹೋಗಿ ಬನ್ನಿ. ಕೆಂಪು ರಕ್ತಕಣಗಳನ್ನು 35ರಿಂದ 42 ದಿನ ಇಡಬಹುದು. ಹಬ್ಬ ಮುಗಿಯುವವರೆಗೂ ಧಾರಾಳವಾಗಿ ಸಾಕು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಇರುವುದು ಮಾತ್ರ ಬರೀ 5 ದಿನ. ಊರು ಬಿಡದೆ ಇಲ್ಲೇ ಇರುವವರು ಹಬ್ಬದ ನಡುವೆ ಹೋದರೆ ಅದಕ್ಕೂ ದಾರಿಯಾಗುತ್ತದೆ. ಹೊರಡುವ ಮುಂಚೆ ಒಂದು ಫೋನ್ ಮಾಡಿ, ಯಾವ ಗುಂಪಿನ ರಕ್ತ ಬೇಕಿದೆ ಅಂತ ಕೇಳಿ.

ಒಂದು ಮಾತು ಮರೆಯಬೇಡಿ. ನವರಾತ್ರಿಯಲ್ಲಿ ಉಪವಾಸ ಇದ್ದರೆ ಆ ದಿನ ಬೇಡ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ತಲೆ ಸುತ್ತಬಹುದು. ನಾಲ್ಕು ಇಡ್ಲಿ ತಿಂದು, ಚೆನ್ನಾಗಿ ನೀರು ಕುಡಿದು ಹೋಗಿ.

ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಸಾಗಿಸುವ ಅಂಶ) 100 ಮಿ.ಲೀ. ರಕ್ತಕ್ಕೆ ಕನಿಷ್ಠ 12.5 ಗ್ರಾಂ ಇರಬೇಕು. ಬೆರಳಿಗೆ ಸಣ್ಣಗೆ ಚುಚ್ಚಿ ಅಲ್ಲೇ ನೋಡುತ್ತಾರೆ. ಆಮೇಲೆ ಕೈಗೆ ಒಂದು ಮೆತ್ತನೆ ಚೆಂಡು ಕೊಡುತ್ತಾರೆ, ಅದನ್ನು ಹಿಸುಕುತ್ತಾ ಮಲಗಿದರೆ ಹತ್ತು ನಿಮಿಷದಲ್ಲಿ ಚೀಲ ತುಂಬುತ್ತದೆ. ಎದ್ದ ತಕ್ಷಣ ಓಡಬೇಡಿ. ಜ್ಯೂಸ್, ಬಿಸ್ಕತ್ತು ಮುಗಿಸಿ, ಕಾಲು ಗಂಟೆ ಕೂತು ಹೊರಡಿ.

ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ದಸರಾಗೆ ಕೊಟ್ಟವರು ಸಂಕ್ರಾಂತಿ ಹೊತ್ತಿಗೆ ದಿನ ಲೆಕ್ಕ ಹಾಕಿ ನೋಡಿ.