ಕಣ್ಣು ತೆರೆದು, ಕಣ್ಣು ಮುಚ್ಚಿ: ಪದವಿ ಲ್ಯಾಬ್‌ನಲ್ಲಿ ನಿಜವಾದ ಇಇಜಿ

ಇಇಜಿ (ತಲೆಯ ಮೇಲಿಂದ ದಾಖಲಿಸುವ ಮಿದುಳಿನ ವಿದ್ಯುತ್ ಚಟುವಟಿಕೆ) ಪಾಠಕ್ಕೆ ಯಂತ್ರ, ಜೆಲ್, ಎಲೆಕ್ಟ್ರೋಡ್ ಟೋಪಿ ಇರಲೇಬೇಕೆಂದೇನಿಲ್ಲ. ಪದವಿ ತರಗತಿಗೆ ನಾನು ಬಳಸುವುದು ವೈದ್ಯಕೀಯ ಸಿಗ್ನಲ್‌ಗಳ ಆನ್‌ಲೈನ್ ಸಂಗ್ರಹವಾದ ಫಿಸಿಯೋನೆಟ್‌ನಲ್ಲಿ ಉಚಿತವಾಗಿ ಸಿಗುವ ಮೋಟಾರ್ ಮೂವ್‌ಮೆಂಟ್/ಇಮೇಜರಿ ದತ್ತಾಂಶ: 109 ಜನ, 64 ಚಾನೆಲ್ (ತಲೆಯ ಮೇಲಿನ ಒಂದೊಂದು ಜಾಗದ ಸಿಗ್ನಲ್), ಸೆಕೆಂಡಿಗೆ 160 ಸ್ಯಾಂಪಲ್. ಪ್ರತಿಯೊಬ್ಬರದೂ 14 ಫೈಲ್. ಮೊದಲ ಲ್ಯಾಬಿಗೆ ಎರಡೇ ಸಾಕು: 1ನೆಯದು ಕಣ್ಣು ತೆರೆದದ್ದು, 2ನೆಯದು ಮುಚ್ಚಿದ್ದು, ಸುಮಾರು ಒಂದೊಂದು ನಿಮಿಷ. ಪ್ರಶ್ನೆಯೂ ಒಂದೇ: ಕಣ್ಣು ಮುಚ್ಚಿದರೆ ಹಿಂತಲೆಯಲ್ಲಿ 8–13 ಹರ್ಟ್ಜ್‌ನ ಆಲ್ಫಾ ಎಷ್ಟು ಏರುತ್ತದೆ? ಆಲ್ಫಾ ಅಲೆಯನ್ನು ಹಾನ್ಸ್ ಬರ್ಗರ್ 1929ರಲ್ಲೇ ವರದಿ ಮಾಡಿದ್ದಾಗಿದೆ. ಉತ್ತರ ಗೊತ್ತಿದ್ದರೆ ಗಮನವೆಲ್ಲ ವಿಧಾನದ ಮೇಲಿರುತ್ತದೆ.

ಫೂರಿಯೆ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸುವ ಗಣಿತ) ಮಾತೆತ್ತುವ ಮೊದಲು ಫಿಲ್ಟರ್ ಹಾಕದ ಸಿಗ್ನಲ್ ತೋರಿಸುತ್ತೇನೆ. ಕಣ್ಣು ಮುಚ್ಚಿದ ಫೈಲ್‌ನಿಂದ ಹಿಂತಲೆಯ ಓಝಡ್ ಚಾನೆಲ್‌ನ ಒಂದು ಸೆಕೆಂಡನ್ನು ಹಿಗ್ಗಿಸಿ, ಶಿಖರಗಳನ್ನು ಬೆರಳಿಟ್ಟು ಎಣಿಸಬೇಕು. ಹತ್ತರ ಆಸುಪಾಸು ಬಂದರೆ, ಆಮೇಲೆ ಸ್ಪೆಕ್ಟ್ರಮ್‌ನಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಪವರ್ ಎಂಬ ನಕ್ಷೆಯಲ್ಲಿ) 10 ಹರ್ಟ್ಜ್ ಹತ್ತಿರ ಕಾಣುವ ಗುಡ್ಡ ಏನೆಂದು ಹೇಳಿಕೊಡಬೇಕಾಗಿಲ್ಲ. ಕಣ್ಣು ತೆರೆದ ಫೈಲ್‌ನ ಹಣೆಯ ಮೇಲಿನ ಎಫ್‌ಪಿ1 ಚಾನೆಲ್‌ನಲ್ಲಿ ದೊಡ್ಡ ಉಬ್ಬುಗಳೆದ್ದರೆ ಅವು ಹೆಚ್ಚಾಗಿ ಕಣ್ಣಿನ ಮಿಟುಕು, ಮಿದುಳಿನದಲ್ಲ.

ಮುಂದಿನದು ಎಂಎನ್‌ಇ-ಪೈಥಾನ್‌ನಲ್ಲಿ (ಇಇಜಿ ವಿಶ್ಲೇಷಣೆಯ ಉಚಿತ ತಂತ್ರಾಂಶ) ವೆಲ್ಚ್ ವಿಧಾನ: ಸಿಗ್ನಲನ್ನು ವಿಂಡೋ ಎಂಬ ತುಂಡುಗಳಾಗಿ ಕತ್ತರಿಸಿ, ಅವುಗಳ ಸ್ಪೆಕ್ಟ್ರಮ್‌ಗಳ ಸರಾಸರಿ ತೆಗೆಯುವುದು. ವಿಂಡೋ 2 ಸೆಕೆಂಡ್, ಅಂದರೆ 320 ಸ್ಯಾಂಪಲ್, ಅರ್ಧ ಓವರ್‌ಲ್ಯಾಪ್. ಆವರ್ತನದ ಅಂತರ 0.5 ಹರ್ಟ್ಜ್. ವಿಂಡೋವನ್ನು ಅರ್ಧ ಸೆಕೆಂಡಿಗೆ ಇಳಿಸಿದರೆ ಅಂತರ 2 ಹರ್ಟ್ಜ್ ಆಗಿ ಗುಡ್ಡ ಚಪ್ಪಟೆಯಾಗುತ್ತದೆ. ಇಡೀ ನಿಮಿಷವನ್ನು ಒಂದೇ ವಿಂಡೋ ಮಾಡಿದರೆ ಸರಾಸರಿಗೆ ಏನೂ ಉಳಿಯದೆ ಗೆರೆ ಮುಳ್ಳುಮುಳ್ಳಾಗುತ್ತದೆ. ಮೂರನ್ನೂ ವಿದ್ಯಾರ್ಥಿಗಳೇ ಮಾಡಿ ನೋಡಲಿ.

ಕೋಡ್ ಕೈಕೊಡುವ ಜಾಗಗಳು ಹೆಚ್ಚುಕಡಿಮೆ ಇವೇ. ಚಾನೆಲ್ ಹೆಸರುಗಳ ಕೊನೆಗೆ ಚುಕ್ಕಿಗಳಿರುತ್ತವೆ. ತೆಗೆಯದಿದ್ದರೆ ‘ಚಾನೆಲ್ ಇಲ್ಲ’ ಎಂಬ ಎರರ್. ಎಂಎನ್‌ಇ ಕೊಡುವುದು ವೋಲ್ಟ್‌ನಲ್ಲಿ, ಹಾಗಾಗಿ ಪವರ್ ಅನ್ನು ಮೈಕ್ರೋವೋಲ್ಟ್‌ನ ವರ್ಗಕ್ಕೆ (µV²) ತರಲು 10ರ 12ನೇ ಘಾತದಿಂದ ಗುಣಿಸಬೇಕು. 88, 92, 100ನೇ ವ್ಯಕ್ತಿಗಳದು 128 ಹರ್ಟ್ಜ್ ರೆಕಾರ್ಡಿಂಗ್. 160 ಎಂದು ಕೋಡ್‌ನಲ್ಲೇ ಬರೆದಿಟ್ಟವರಿಗೆ 10 ಹರ್ಟ್ಜ್ ಅಲೆ 12.5ರಲ್ಲಿ ಕಾಣುತ್ತದೆ. ಈ ಮೂವರ ಫೈಲ್‌ಗಳನ್ನು ನಾನು ಬೇಕೆಂದೇ ಒಂದು ಗುಂಪಿಗೆ ಕೊಡುತ್ತೇನೆ. 60 ಹರ್ಟ್ಜ್‌ನಲ್ಲಿ ಚೂಪು ಗೆರೆ ಕಂಡರೆ ಅದು ಕರೆಂಟಿನದು: ದತ್ತಾಂಶ ಅಮೆರಿಕದ್ದು.

ಅಂಕಿಅಂಶದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಒಂದು ನಿಮಿಷದಿಂದ 59 ವಿಂಡೋ ಸಿಕ್ಕವೆಂದು 59 ಮಾದರಿಗಳಾಗುವುದಿಲ್ಲ. ಎಣಿಕೆಗೆ ಬರುವುದು ಜನ. ಪ್ರತಿಯೊಬ್ಬರಿಗೂ ಮುಚ್ಚಿದ ಮತ್ತು ತೆರೆದ ಆಲ್ಫಾ ಪವರ್‌ನ ಅನುಪಾತದ ಲಾಗ್ ತೆಗೆದು, ತರಗತಿಯ ಎಲ್ಲ ಗುಂಪುಗಳ ಬೆಲೆಗಳನ್ನು ಒಂದೇ ಹಾಳೆಗೆ ಸೇರಿಸಿ, ಆಮೇಲೆ ಅಂಕಿಅಂಶದ ಪರೀಕ್ಷೆ. ಆಲ್ಫಾ ಕಾಣಿಸದವರು ಸಿಕ್ಕರೆ ಅವರ ಬೆಲೆಯೂ ಆ ಹಾಳೆಯಲ್ಲೇ ಇರಬೇಕು.