ಸೊಂಟ ಬಿಚ್ಚಿದೆ, ಉದ್ದ ಬಿಚ್ಚಲಿಲ್ಲ

ತಿಪಟೂರಿನಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ಮೇ ಕೊನೆ ವಾರದಿಂದ ಜೂನ್ ಮುಗಿಯುವವರೆಗೆ ಶಾಲೆ ಯೂನಿಫಾರ್ಮ್ ಬಿಟ್ಟು ಬೇರೆ ಕೆಲಸ ಹಿಡಿಯುವುದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಳತೆ ತೆಗೆಯುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು, ಕತ್ತರಿಸುವುದು, ಅಷ್ಟೇ. ತಾಯಂದಿರೆಲ್ಲ ಹೇಳುವ ಮಾತೂ ಒಂದೇ. "ಬೆಳೆಯೋ ಮಗು ಅಣ್ಣ, ಎರಡಿಂಚು ಒಳಗೆ ಮಡಚಿ ಹೊಲೀರಿ."

ನನ್ನ ಮಗನ ಪ್ಯಾಂಟಿಗೂ ಹಾಗೇ ಮಡಚಿ ಇಡುತ್ತಿದ್ದೆ. 2019ರ ಜೂನ್‌ನಲ್ಲಿ ಅವನು ಮೂರನೇ ಕ್ಲಾಸಿಗೆ ಬಂದ. ಹಿಂದಿನ ವರ್ಷದ ಪ್ಯಾಂಟ್ ಹಾಕಿಸಿ ನೋಡಿದೆ. ಸೊಂಟ ಬಿಗಿಯಾಗಿತ್ತು, ಉದ್ದ ಸರಿಯಾಗಿಯೇ ಇತ್ತು. ಹಿಂದಿನ ಹೊಲಿಗೆ ಬಿಚ್ಚಿ ಒಂದೂವರೆ ಇಂಚು ಸಡಿಲ ಮಾಡಿದೆ. ಕೆಳಗಿನ ಮಡಿಕೆ ಮುಟ್ಟಲೇ ಇಲ್ಲ. ಸೀಸನ್ ಗದ್ದಲದಲ್ಲಿ ಒಂದು ಜೊತೆ ಹೊಲಿಯುವ ಕೆಲಸ ಉಳಿಯಿತಲ್ಲ ಅಂತ ಖುಷಿಪಟ್ಟೆ. ದಿನಕ್ಕೆ ನಲವತ್ತು ಮಕ್ಕಳ ಅಳತೆ ತೆಗೆಯುವ ನಾನು ನನ್ನ ಮಗನ ವಿಷಯದಲ್ಲಿ ಹೀಗೆ ಖುಷಿಪಟ್ಟಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಗಸ್ಟ್‌ನಲ್ಲಿ ಮಗಳಿಗೆ ಒಂದೂವರೆ ವರ್ಷ ತುಂಬಿತು. ತಾಯಿ ಕಾರ್ಡ್‌ನಲ್ಲಿ 16ರಿಂದ 24 ತಿಂಗಳ ಸಾಲು ಖಾಲಿ ಇತ್ತು. ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಪೋಲಿಯೋ ಹನಿ, ವಿಟಮಿನ್ ಎ ಎಲ್ಲ ಆಗಬೇಕಿತ್ತು. ಹೆಂಡತಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ, ರಜೆ ಸಿಗಲಿಲ್ಲ. ಅಂಗಡಿಗೆ ಬೀಗ ಹಾಕಿ ನಾನೇ ಕರಕೊಂಡು ಹೋದೆ. ಮಗನಿಗೆ ಆವತ್ತು ಹೊಟ್ಟೆನೋವು, ಮಲ ಸರಿಯಾಗಿ ಹೋಗಿರಲಿಲ್ಲ, ಶಾಲೆಗೆ ಕಳಿಸಿರಲಿಲ್ಲ. ಅವನೂ ಜೊತೆಗೆ ಬಂದ.

ಸೂಜಿ ಚುಚ್ಚುವ ಮುಂಚೆ ಮಕ್ಕಳ ಡಾಕ್ಟರಮ್ಮ ಮಗಳನ್ನು ನೋಡಿದರು. ತೂಕ, ಉದ್ದ, ತಲೆ ಸುತ್ತಳತೆ ತೆಗೆದರು. "ನಡೀತಾಳಾ? ಹೆಸರು ಕರೆದರೆ ತಿರುಗ್ತಾಳಾ? ಏನಾದ್ರೂ ಬೇಕಿದ್ರೆ ಬೆರಳು ಮಾಡಿ ತೋರಿಸ್ತಾಳಾ?" ಅಂತ ಕೇಳಿದರು. ನಾನು ಉತ್ತರ ಕೊಡುತ್ತಿದ್ದರೆ ಮಗ ಗೋಡೆಯಲ್ಲಿದ್ದ ಎತ್ತರ ಅಳೆಯುವ ಪಟ್ಟಿಗೆ ಬೆನ್ನು ಕೊಟ್ಟು ಆಟವಾಡುತ್ತಿದ್ದ. ಡಾಕ್ಟರ್ ಸುಮ್ನೆ ಅಂತ ಅವನ ಕಡೆ ನೋಡಿದರು.

"ಎಷ್ಟನೇ ಕ್ಲಾಸಪ್ಪ ನೀನು?"

"ಮೂರು."

ಅವರು ಎದ್ದು ಬಂದರು. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ಇನ್ನೊಮ್ಮೆ ನಿಲ್ಲಿಸಿದರು. 115 ಸೆಂಟಿಮೀಟರ್. ಎಂಟು ವರ್ಷದ ಹುಡುಗರು ಸಾಮಾನ್ಯವಾಗಿ 125ರ ಆಸುಪಾಸಿನಲ್ಲಿರುತ್ತಾರೆ. "ಹೋದ ವರ್ಷ ಎಷ್ಟಿದ್ದ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಮನೆಯಲ್ಲಿ ಯಾವಾಗಲೂ ಹೇಳುವ ಮಾತನ್ನೇ ಹೇಳಿದೆ. "ನಮ್ಮಪ್ಪನೂ ಕುಳ್ಳಗೇ ಇದ್ರು ಮೇಡಂ." ಅವರು ಒಪ್ಪಲಿಲ್ಲ. ಕುಳ್ಳಗಿರುವ ಮಗುವೂ ವರ್ಷಕ್ಕೆ ಬೆಳೆಯಬೇಕಾದಷ್ಟು ಬೆಳೆಯುತ್ತದೆ, ಇವನು ಎಷ್ಟಿದ್ದಾನೆ ಅನ್ನೋದಕ್ಕಿಂತ ಎಷ್ಟು ಬೆಳೆದಿದ್ದಾನೆ ಅನ್ನೋದು ನನಗೆ ಬೇಕು ಅಂದರು.

ಅಂಗಡಿಗೆ ಬಂದು ಅಳತೆ ಪುಸ್ತಕಗಳನ್ನು ತೆಗೆದೆ. ಮಗನ ಹೆಸರಲ್ಲೂ ಪ್ರತಿ ಜೂನ್ ಒಂದು ಸಾಲು ಇತ್ತು. ಪ್ಯಾಂಟ್ ಉದ್ದ ಯುಕೆಜಿಗೆ 24½ ಇಂಚು, ಒಂದನೇ ಕ್ಲಾಸಿಗೆ 26, ಎರಡಕ್ಕೆ 26½, ಮೂರಕ್ಕೆ 26¾. ಸೊಂಟ ಮಾತ್ರ ಒಂದನೇ ಕ್ಲಾಸಿಗೆ 21, ಆಮೇಲೆ 22½, ಆಮೇಲೆ 24. ಎಲ್ಲವೂ ನನ್ನದೇ ಅಕ್ಷರ. ಪುಸ್ತಕವನ್ನೇ ತಗೊಂಡು ಹೋಗಿ ಡಾಕ್ಟರ್ ಮುಂದೆ ಇಟ್ಟೆ. ಅವರು ನಕ್ಕರು, ಆಮೇಲೆ ಗಂಭೀರವಾಗಿ ಓದಿದರು. ಅಡ್ಡಕ್ಕೆ ಬೆಳೆದು ಉದ್ದಕ್ಕೆ ನಿಂತುಹೋದರೆ ಥೈರಾಯ್ಡ್ ನೋಡಲೇಬೇಕು ಅಂದರು.

ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಕಡಿಮೆಯಾದಾಗ ಏರುವ ಹಾರ್ಮೋನ್, 100ಕ್ಕಿಂತ ಜಾಸ್ತಿ ಬಂತು. ಇರಬೇಕಾದದ್ದು ಹೆಚ್ಚೆಂದರೆ ಐದರ ಹತ್ತಿರ. ಎಡಗೈ ಎಕ್ಸ್‌ರೇ ತೆಗೆಸಿದರು. ಮಣಿಕಟ್ಟಿನ ಚಿಕ್ಕಚಿಕ್ಕ ಮೂಳೆಗಳು ವಯಸ್ಸಿಗೆ ತಕ್ಕ ಹಾಗೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವಂತೆ. ಎಂಟು ವರ್ಷದವನ ಕೈಯಲ್ಲಿ ಆರು ವರ್ಷದವನ ಮೂಳೆ ಇತ್ತು. ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಡಾಕ್ಟರ್ ಮಾತ್ರ ಅದನ್ನು ಒಳ್ಳೆ ಸುದ್ದಿ ಅಂದರು. ಮೂಳೆ ಹಿಂದೆ ಉಳಿದಿದೆ ಅಂದರೆ ಬೆಳೆಯಲು ಇನ್ನೂ ಸಮಯ ಇದೆ ಅಂತ ಅರ್ಥ.

ಹಿಂತಿರುಗಿ ನೋಡಿದರೆ ಎಲ್ಲ ಕಣ್ಣೆದುರಿಗೇ ಇತ್ತು. ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಕೇಳುತ್ತಿದ್ದ. ಮೈ ಚರ್ಮ ಒರಟಾಗಿತ್ತು. ಮೂರು ದಿನಕ್ಕೊಮ್ಮೆ ಮಲ. ಶಾಲೆಯಿಂದ 'ಹುಡುಗ ಸೋಮಾರಿ' ಅಂತ ಡೈರಿಯಲ್ಲಿ ಬರೆದು ಕಳಿಸಿದ್ದರು, ನಾವೂ ಅದಕ್ಕೆ ಬೈದಿದ್ದೆವು. ಕೆನ್ನೆ ತುಂಬಿಕೊಂಡು ಗುಂಡಗಿದ್ದ. ನೋಡಿದವರೆಲ್ಲ 'ಆರೋಗ್ಯವಾಗಿದ್ದಾನೆ' ಅನ್ನುತ್ತಿದ್ದರು.

ಆ ಎರಡು ವರ್ಷದಲ್ಲಿ ಅವನನ್ನು ಆಸ್ಪತ್ರೆಗೆ ಕರಕೊಂಡು ಹೋಗಿರಲಿಲ್ಲ ಅಂತೇನಿಲ್ಲ. ಜ್ವರ, ಕೆಮ್ಮು ಅಂತ ಆರೇಳು ಸಲ ಒಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಪ್ರತಿ ಸಲವೂ ತೂಕ ನೋಡಿದರು, ಸಿರಪ್ ಎಷ್ಟು ಎಂಎಲ್ ಅಂತ ಲೆಕ್ಕ ಹಾಕಲು. ಎತ್ತರ ಯಾರೂ ನೋಡಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಈಗ ಅಷ್ಟಿಲ್ಲ. ಹೊರಗೆ ಮೂವತ್ತು ಜನ ಕೂತಿರುವಾಗ ಜ್ವರದ ಮಗುವಿನ ಜ್ವರ ನೋಡಿ ಕಳಿಸುತ್ತಾರೆ. ಕಾಯಿಲೆ ಇಲ್ಲದ ದಿನ ಹೋಗಿ 'ಸುಮ್ನೆ ಪೂರ್ತಿ ನೋಡಿ' ಅಂತ ಕೇಳಬೇಕಾದವನು ನಾನು. ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರೆ ಬಹುಶಃ ಮೊದಲೇ ಸಿಕ್ಕಿಬೀಳುತ್ತಿತ್ತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ನಾವು ಫೀಸು ಕಟ್ಟಿ ಕಳಿಸುತ್ತಿದ್ದ ಶಾಲೆಗೆ ಅದು ಬರುತ್ತಿರಲಿಲ್ಲ.

"ಹುಟ್ಟಿದಾಗಲೇ ಗೊತ್ತಾಗ್ತಿರಲಿಲ್ವಾ?" ಅಂತ ಹೆಂಡತಿ ಕೇಳಿದಳು. ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆ ಇರುವುದು ಬೇರೆ ಅಂತ ಡಾಕ್ಟರ್ ವಿವರಿಸಿದರು. ಅದನ್ನು ಹುಟ್ಟಿದ ಮೊದಲ ವಾರದೊಳಗೆ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತದಲ್ಲಿ ಹುಡುಕುತ್ತಾರೆ, ತಡವಾದರೆ ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ನಮ್ಮ ಮಗನಿಗೆ ಬಂದದ್ದು ಆಮೇಲೆ. ಅವನ ದೇಹವೇ ಅವನ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದಿತ್ತು. ಇಂಥದ್ದನ್ನು ಹಿಡಿಯಲು ವರ್ಷವರ್ಷ ಅಳೆಯುವುದೇ ದಾರಿ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಚಿಕ್ಕ ಮಾತ್ರೆ. ಅರ್ಧ ಗಂಟೆ ಬಿಟ್ಟು ಹಾಲು. ಅಷ್ಟೇ ಔಷಧಿ. ಒಂದೂವರೆ ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ. 2020ರ ಜೂನ್‌ನಲ್ಲಿ ಶಾಲೆ ಮುಚ್ಚಿತ್ತು, ಯೂನಿಫಾರ್ಮ್ ಹೊಲಿಸುವವರು ಯಾರೂ ಇರಲಿಲ್ಲ. ಅಂಗಡಿಯಲ್ಲಿ ಕೂತು ಮಾಸ್ಕ್ ಹೊಲಿಯುತ್ತಿದ್ದೆ. ಆ ಸೀಸನ್ನಿನಲ್ಲಿ ನಾನು ಅಳತೆ ತೆಗೆದದ್ದು ಒಬ್ಬನೇ ಹುಡುಗನದು. ಪ್ಯಾಂಟ್ ಉದ್ದ 29 ಇಂಚು. ಸೊಂಟ 23. ಎರಡು ಸಲ ಅಳೆದೆ.

ಇಷ್ಟಾದ ಮೇಲೆ ಮಗಳ ವಿಷಯದಲ್ಲಿ ನಾನು ಹೇಗೆ ನಡೆದುಕೊಂಡೆ ಅನ್ನುವುದನ್ನು ಹೇಳುತ್ತೇನೆ.

ಮೊದಲ ಒಂದೂವರೆ ವರ್ಷ ಲಸಿಕೆಯ ತಾರೀಖುಗಳೇ ದಾರಿ ತೋರಿಸುತ್ತವೆ. ಹುಟ್ಟಿದಾಗ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ, ಆಮೇಲೆ ಒಂದೂವರೆ ವರ್ಷಕ್ಕೆ. ನಾವು ಮಾಡಿದ್ದ ತಪ್ಪೆಂದರೆ ಸೂಜಿ ಹಾಕಿಸಿ ಮಗು ಅಳುತ್ತಿದ್ದಂತೆ ಎತ್ತಿಕೊಂಡು ಓಡಿಬರುತ್ತಿದ್ದದ್ದು. ತಾಯಿ ಕಾರ್ಡ್‌ನ ಹಿಂದೆ ತೂಕದ ನಕ್ಷೆ ಇದೆ, ಅದರಲ್ಲಿ ಚುಕ್ಕೆ ಇಡಿಸಿಕೊಂಡು ಬರಬೇಕು ಅಂತ ಗೊತ್ತೇ ಇರಲಿಲ್ಲ. ಹುಡುಗರಿಗೆ ಬೇರೆ ನಕ್ಷೆ, ಹುಡುಗಿಯರಿಗೆ ಬೇರೆ. ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ಒಂದು ಚುಕ್ಕೆ ಕೆಳಗಿದ್ದರೆ ಗಾಬರಿಯಾಗಬೇಕಿಲ್ಲ. ಚುಕ್ಕೆಗಳನ್ನು ಸೇರಿಸಿದ ಗೆರೆ ಮೇಲಕ್ಕೆ ಹೋಗುತ್ತಿದೆಯಾ, ಚಪ್ಪಟೆಯಾಗಿದೆಯಾ ನೋಡಬೇಕು.

ಎರಡು ವರ್ಷದ ನಂತರ ಕಷ್ಟ ಶುರು. ಲಸಿಕೆ ಮುಗಿಯಿತು, ಇನ್ನು ಐದು ವರ್ಷದ ಡಿಪಿಟಿವರೆಗೆ ಆಸ್ಪತ್ರೆಯಿಂದ ಯಾರೂ ಕರೆಯುವುದಿಲ್ಲ. ಆರು ತಿಂಗಳಿಗೊಮ್ಮೆ ವಿಟಮಿನ್ ಎ ಇದೆ, ಐದು ವರ್ಷದವರೆಗೆ ಒಟ್ಟು ಒಂಬತ್ತು ಡೋಸ್. ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಜಂತುಹುಳದ ಮಾತ್ರೆ ಕೊಡುತ್ತಾರೆ. ನಾನು ಈ ಎರಡನ್ನೇ ಗೂಟ ಮಾಡಿಕೊಂಡೆ. ಫೆಬ್ರವರಿಯಲ್ಲಿ ಒಂದು ಸಲ, ಆಗಸ್ಟ್‌ನಲ್ಲಿ ಒಂದು ಸಲ ಮಗಳನ್ನು ತೋರಿಸಿಕೊಂಡು ಬರುವುದು. ಐದು ತುಂಬಿದ ಮೇಲೆ ವರ್ಷಕ್ಕೆ ಒಂದೇ ಸಲ, ಜುಲೈನಲ್ಲಿ, ಸೀಸನ್ ಮುಗಿದ ಮೇಲೆ. 2020ರ ಆಗಸ್ಟ್‌ನದು ತಪ್ಪಿತು, ಅದನ್ನು ಮುಚ್ಚಿಡುವುದಿಲ್ಲ.

ಏನು ಸಿಕ್ಕಿತು ಅಂತ ಕೇಳಿದರೆ ಹೆಚ್ಚೇನಿಲ್ಲ. ಎರಡು ವರ್ಷಕ್ಕೆ ಹಿಮೋಗ್ಲೋಬಿನ್ 9.8 ಬಂತು, 11 ಇರಬೇಕಿತ್ತು. ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಸಿ ಊಟ ಬಿಡಿಸಿದ್ದು ನಾವೇ. ಹಾಲು ಎರಡು ಲೋಟಕ್ಕೆ ಇಳಿಯಿತು, ಕಬ್ಬಿಣದ ಸಿರಪ್ ಶುರುವಾಯಿತು, ಹಾಲಿನ ಜೊತೆ ಕೊಡಬಾರದು ಅಂತ ಹೇಳಿದರು. ಮೂರಕ್ಕೆ ಮುಂದಿನ ಹಲ್ಲಿನ ಮೇಲೆ ಕಂದು ಚುಕ್ಕೆ. ರಾತ್ರಿ ಬಾಟಲಿ ಹಾಲು ಬಾಯಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ಆವತ್ತಿನಿಂದ ಬಾಟಲಿ ಬಂದ್, ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ನಾಲ್ಕಕ್ಕೆ ಕಣ್ಣು. ಅಕ್ಷರ ಬರದ ಮಕ್ಕಳಿಗೆ ಚಿತ್ರದ ಚಾರ್ಟ್ ಇರುತ್ತದೆ. ಒಂದು ಕಣ್ಣು ಮುಚ್ಚಿದರೆ ಇವಳು ಬೆರಳ ಸಂದಿಯಿಂದ ಇಣುಕುತ್ತಾಳೆ. ಕೊನೆಗೆ ನನ್ನ ಅಂಗೈಯನ್ನೇ ಮುಚ್ಚಳ ಮಾಡಿದೆ. ಒಂದೊಂದೇ ಕಣ್ಣನ್ನು ಬೇರೆಬೇರೆಯಾಗಿ ನೋಡಲೇಬೇಕು ಅಂತ ಕಣ್ಣಿನ ಡಾಕ್ಟರ್ ಹೇಳಿದರು. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಅದರಲ್ಲೇ ಎಲ್ಲ ನಿಭಾಯಿಸುತ್ತದೆ, ಇನ್ನೊಂದು ಮಂದವಾಗಿದ್ದರೂ ಮನೆಯವರಿಗೆ ಗೊತ್ತಾಗುವುದಿಲ್ಲ. ಏಳೆಂಟು ವರ್ಷದೊಳಗೆ ಸಿಕ್ಕರೆ ಒಳ್ಳೆ ಕಣ್ಣಿಗೆ ಪಟ್ಟಿ ಕಟ್ಟಿ ಮಂದ ಕಣ್ಣನ್ನು ಚುರುಕು ಮಾಡಬಹುದು, ಆಮೇಲೆ ಕಷ್ಟ. ಇವಳ ಎರಡೂ ಕಣ್ಣು ಚೆನ್ನಾಗಿದ್ದವು. 'ಏನೂ ಇಲ್ಲದ್ದಕ್ಕೆ ಒಂದು ದಿನದ ದುಡಿಮೆ ಹೋಯ್ತು' ಅಂತ ಅಮ್ಮ ಗೊಣಗಿದಳು. ನನಗೆ ಆ ದಿನ ಹೋದದ್ದಕ್ಕೆ ಏನೂ ಅನ್ನಿಸಲಿಲ್ಲ.

ಮನೆಯಲ್ಲೂ ಅಳೆಯುತ್ತೇನೆ. ಅದರಲ್ಲಿ ಕಲಿತ ಒಂದೆರಡು ಕಸುಬಿನ ಮಾತಿದೆ. ಬಟ್ಟೆ ಟೇಪು ನಂಬಬೇಡಿ. ಹಳೇದಾದರೆ ಎಳೆದು ಎಳೆದು ಉದ್ದವಾಗಿರುತ್ತದೆ. ನನ್ನದೇ ಅಂಗಡಿಯ ಒಂದು ಟೇಪು ಅರ್ಧ ಇಂಚು ಸುಳ್ಳು ಹೇಳುತ್ತಿತ್ತು. ಗೋಡೆಗೆ ಸ್ಟೀಲ್ ಟೇಪು ಅಂಟಿಸಿ. ಚಪ್ಪಲಿ, ಜುಟ್ಟು, ಕ್ಲಿಪ್ ತೆಗೆಸಿ. ತಲೆ ಮೇಲೆ ಸ್ಕೇಲ್ ಇಟ್ಟರೆ ಓರೆಯಾಗುತ್ತದೆ, ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಇಳಿಸಿ. ಬೆಳಿಗ್ಗೆ ಅಳೆದರೆ ಯಾವಾಗಲೂ ಬೆಳಿಗ್ಗೆಯೇ ಅಳೆಯಿರಿ, ಸಂಜೆ ಹೊತ್ತಿಗೆ ಮಕ್ಕಳು ಸ್ವಲ್ಪ ಕುಗ್ಗಿರುತ್ತಾರೆ. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿಯೇ ಅಳೆಯಬೇಕು. ಮೊದಲ ವರ್ಷ ಸುಮಾರು 25 ಸೆಂಟಿಮೀಟರ್, ಎರಡನೇ ವರ್ಷ 12ರ ಹತ್ತಿರ, ನಾಲ್ಕರಿಂದ ಮೈನೆರೆಯುವವರೆಗೆ ವರ್ಷಕ್ಕೆ ಐದಾರು. ಆ ವಯಸ್ಸಿನಲ್ಲಿ ನಾಲ್ಕಕ್ಕಿಂತ ಕಡಿಮೆಯಾದರೆ ನಾನಂತೂ ಕಾಯುವುದಿಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ ಕೇಳಬೇಕಾದದ್ದನ್ನು ಬಿಲ್ ಚೀಟಿ ಹಿಂದೆ ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಬಾಗಿಲು ದಾಟಿದ ಮೇಲೆ ನೆನಪಾಗುತ್ತದೆ. ಮಂಗಳವಾರ, ಬುಧವಾರದ ಬೆಳಿಗ್ಗೆ ನಮ್ಮ ಕಡೆ ಜನ ಕಡಿಮೆ. ಮಗನಿಗೆ ಈಗ ಬಿಪಿಯನ್ನೂ ನೋಡುತ್ತಾರೆ. ಮೂರು ವರ್ಷದಿಂದಲೇ ನೋಡಬಹುದಂತೆ, ನಾವು ಕೇಳಿರಲೇ ಇಲ್ಲ. ಹತ್ತು ವರ್ಷಕ್ಕೆ ಧನುರ್ವಾಯು, ಡಿಫ್ತೀರಿಯಾ ತಡೆಯುವ ಟಿಡಿ ಸೂಜಿ ಆಯಿತು, ಹದಿನಾರಕ್ಕೆ ಇನ್ನೊಂದಿದೆ. ಮಗಳಿಗೆ ಒಂಬತ್ತು ತುಂಬಿದ ಮೇಲೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಅಂತ ಅಂಗಡಿ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

ಅಂಗಡಿಯಲ್ಲಿ ಒಂದು ಅಭ್ಯಾಸ ಬದಲಾಗಿದೆ. ಜೂನ್‌ನಲ್ಲಿ ಹಳೇ ಗಿರಾಕಿಯ ಮಗು ಬಂದರೆ ಹೊಸ ಅಳತೆ ಬರೆಯುವ ಮುಂಚೆ ಹಿಂದಿನ ವರ್ಷದ ಪುಟ ತೆಗೆದು ನೋಡುತ್ತೇನೆ. ಇಷ್ಟು ವರ್ಷದಲ್ಲಿ ಮೂರು ಮನೆಯವರಿಗೆ 'ಒಂದ್ಸಲ ಡಾಕ್ಟರ್‌ಗೆ ತೋರಿಸಿ' ಅಂದಿದ್ದೇನೆ. ಇಬ್ಬರು ತೋರಿಸಿದರು, ಏನೂ ಇರಲಿಲ್ಲ, ಬಂದು ಹೇಳಿ ಹೋದರು. ಇನ್ನೊಬ್ಬ ತಾಯಿಗೆ ಸಿಟ್ಟು ಬಂತು. "ನೀವು ಬಟ್ಟೆ ಹೊಲೀರಣ್ಣ, ನನ್ನ ಮಗಳ ವಿಷಯ ನಿಮಗ್ಯಾಕೆ?" ಅಂದರು. ಕೊಟ್ಟಿದ್ದ ಬಟ್ಟೆ ವಾಪಸ್ ತಗೊಂಡು ಹೋದರು. ಹೋದ ಜೂನ್‌ನಲ್ಲೂ ಅವರು ಬರಲಿಲ್ಲ. ಆ ಹುಡುಗಿಯ ಸಾಲು ಪುಸ್ತಕದಲ್ಲಿ ಹಾಗೇ ಇದೆ, ಸ್ಕರ್ಟ್ ಉದ್ದ ಎರಡು ವರ್ಷವೂ 19 ಇಂಚು.